ಕಂಠೀರವದ ಗ್ಯಾಲರಿಗಳು ಏಕೆ ಬರಿದಾದವು?

ಪ್ರಶ್ನೆ: ನಾನು ಬೆಂಗಳೂರಿನ ಹಲಸೂರಿನವನು. 2014ರಿಂದ 2020ರವರೆಗೆ ಬೆಂಗಳೂರು ಎಫ್‌ಸಿ ತಂಡದ ತವರಿನ ಪಂದ್ಯಗಳನ್ನು ಬಹುತೇಕ ಒಂದೂ ಬಿಡದೆ ನೋಡಿದ್ದೇನೆ. ಕೋವಿಡ್ ಕಳೆದ ಮೇಲೆ ಬೆರಳೆಣಿಕೆಯಷ್ಟು ಸಲ ಹೋಗಿದ್ದೆ. ಈಗ ಎರಡು ವರ್ಷಗಳಿಂದ ಕಂಠೀರವ ಕ್ರೀಡಾಂಗಣದ ಕಡೆಗೆ ತಲೆ ಹಾಕಿಲ್ಲ. ಅಂದು ನನ್ನ ಜೊತೆ ಬರುತ್ತಿದ್ದ ಗೆಳೆಯರಲ್ಲಿ ಒಬ್ಬರೂ ಹೋಗುತ್ತಿಲ್ಲ, ಆದರೆ ಎಲ್ಲರೂ ಮಧ್ಯರಾತ್ರಿಯವರೆಗೆ ಎದ್ದಿದ್ದು ಇಂಗ್ಲೆಂಡ್ ಮತ್ತು ಸ್ಪೇನ್ ಲೀಗ್‌ಗಳ ಪಂದ್ಯ ನೋಡುತ್ತಾರೆ. ಹನ್ನೆರಡು ವರ್ಷದ ನನ್ನ ಮಗ ಮೆಸ್ಸಿಯ ಜೆರ್ಸಿ ತೊಟ್ಟುಕೊಂಡು ಓಡಾಡುತ್ತಾನೆ, ನಮ್ಮೂರಿನ ತಂಡದ ಮೂವರು ಆಟಗಾರರ ಹೆಸರು ಹೇಳಲಾರ. ಭಾರತದ ವೃತ್ತಿಪರ ಫುಟ್‌ಬಾಲ್ ತನ್ನ ಅಭಿಮಾನಿಗಳನ್ನು ಕಳೆದುಕೊಳ್ಳುತ್ತಿರುವುದಕ್ಕೆ ಆಟದ ಗುಣಮಟ್ಟ ಕಾರಣವೇ, ಅಥವಾ ನಾವೇ ಬದಲಾಗಿದ್ದೇವೆಯೇ?

ಉತ್ತರ: ನಿಮ್ಮ ಗೆಳೆಯರು ಮಧ್ಯರಾತ್ರಿಯವರೆಗೆ ಎದ್ದಿರುತ್ತಾರೆ ಎಂದು ನೀವೇ ಬರೆದಿದ್ದೀರಿ. ಅರ್ಧ ಉತ್ತರ ಅಲ್ಲೇ ಇದೆ. ಆಟದ ಮೇಲಿನ ಪ್ರೀತಿಯೇ ತಗ್ಗಿದ್ದರೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು ನಿದ್ದೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಗ್ಗಿರುವುದು ನಮ್ಮ ಊರಿನ ತಂಡದೊಂದಿಗೆ, ನಮ್ಮ ದೇಶದ ಲೀಗಿನೊಂದಿಗೆ ನಮಗಿದ್ದ ಬಳಕೆ. ಕ್ರೀಡಾಭಿಮಾನದಲ್ಲಿ ಭಾವನೆಗಿಂತ ರೂಢಿಯ ಪಾಲೇ ದೊಡ್ಡದು ಎಂಬುದು, ಈ ಊರಿನ ಫುಟ್‌ಬಾಲ್ ಬಗ್ಗೆ ಇಪ್ಪತ್ತೈದು ವರ್ಷಗಳಿಂದ ಬರೆಯುತ್ತ ಬಂದಿರುವ ನನ್ನ ದೃಢವಾದ ಅಭಿಪ್ರಾಯ. ಇಂಥ ತಿಂಗಳು ಬಂತೆಂದರೆ ಪಂದ್ಯ ಶುರುವಾಗುತ್ತದೆ, ಇಂಥ ಬಾಗಿಲಿನಿಂದ ಒಳಗೆ ಹೋಗಬೇಕು, ಇಂಥವರು ಪಕ್ಕದಲ್ಲಿ ಕೂರುತ್ತಾರೆ, ಇಂಥವನು ಎಡಬದಿಯಲ್ಲಿ ಆಡುತ್ತಾನೆ ಎಂಬ ಖಾತರಿಯ ಮೇಲೆ ಅಭಿಮಾನ ನಿಂತಿರುತ್ತದೆ. ಭಾರತದ ಫುಟ್‌ಬಾಲ್ ಆಡಳಿತ ಕಳೆದ ಹತ್ತು ವರ್ಷಗಳಲ್ಲಿ ಈ ಖಾತರಿಗಳನ್ನು ಒಂದೊಂದಾಗಿ ಮುರಿಯುತ್ತ ಬಂದಿದೆ. ಬದಲಾದವರು ನೀವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನೀವು ಗ್ಯಾಲರಿಯಲ್ಲಿದ್ದ ಕಾಲದ ಒಂದು ರಾತ್ರಿಯನ್ನು ನೆನಪಿಸುತ್ತೇನೆ. 2016ರ ಅಕ್ಟೋಬರ್ 19, ಬುಧವಾರ. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಚರಣ. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಂ. ಮೊದಲ ಚರಣ 1–1ರಲ್ಲಿ ಮುಗಿದಿತ್ತು. ಪಂದ್ಯ ಆರಂಭವಾಗಿ ಕಾಲು ಗಂಟೆ ಕಳೆಯುವ ಮೊದಲೇ ಮಲೇಷ್ಯಾದವರು ಗೋಲು ಹೊಡೆದಾಗ ಇಡೀ ಕ್ರೀಡಾಂಗಣ ಒಂದು ಕ್ಷಣ ಸ್ತಬ್ಧವಾಯಿತು. ಮರುಕ್ಷಣವೇ ಪಶ್ಚಿಮದ ಗ್ಯಾಲರಿಯಿಂದ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗದವರ ಹಾಡು ಮೊದಲಿಗಿಂತ ಜೋರಾಗಿ ಕೇಳಿಬಂತು. ವಿರಾಮಕ್ಕೆ ಮುಂಚೆ ಸುನಿಲ್ ಚೆಟ್ರಿ ಸಮ ಮಾಡಿದರು, ವಿರಾಮದ ನಂತರ ಇನ್ನೊಂದು ಗೋಲು ಸೇರಿಸಿದರು, ಸ್ಪೇನ್‌ನ ರಕ್ಷಣಾ ಆಟಗಾರ ಹ್ವಾನನ್ ಮೂರನೆಯದನ್ನು ಹೊಡೆದರು. ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎಂಬ ಹೆಗ್ಗಳಿಕೆ ಅಂದು ಬೆಂಗಳೂರಿಗೆ ಬಂತು. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ಎದುರು 0–1ರಿಂದ ಸೋತದ್ದು ಬೇರೆ ಮಾತು. ನನಗೆ ಗೋಲುಗಳಿಗಿಂತ ಸ್ಪಷ್ಟವಾಗಿ ನೆನಪಿರುವುದು ಪಂದ್ಯ ಮುಗಿದ ಮೇಲಿನ ದೃಶ್ಯ: ಆಟಗಾರರು ಓಟದ ಟ್ರ್ಯಾಕ್ ದಾಟಿಬಂದು ಗ್ಯಾಲರಿಯ ಮುಂದೆ ಸಾಲಾಗಿ ನಿಂತು ಜನರೊಂದಿಗೆ ತಾಳ ಹಾಕಿದರು, ಜನರು ಅವರನ್ನು ಹೆಸರು ಹಿಡಿದು ಕೂಗಿದರು, ಸಿಟ್ಟಿಂದಲೋ ಸಲುಗೆಯಿಂದಲೋ ಗೋಲು ತಪ್ಪಿಸಿದವನನ್ನೂ ಕರೆದು ಮಾತಾಡಿಸಿದರು.

ಆ ಸಲುಗೆ ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಕ್ಲಬ್ ಸ್ಥಾಪನೆಯಾದದ್ದು 2013ರಲ್ಲಿ. ಮೊದಲ ಋತುವಿನ ತವರಿನ ಪಂದ್ಯಗಳು ಅಶೋಕನಗರದ ಹಳೆಯ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದವು. ಎಂಟು ಸಾವಿರ ಜನ ಹಿಡಿಸುವ, ಆಟಗಾರನ ಬೂಟಿನ ಸದ್ದು ಗ್ಯಾಲರಿಗೆ ಕೇಳುವಷ್ಟು ಹತ್ತಿರದ ಅಂಗಳ ಅದು. ಆ್ಯಶ್ಲಿ ವೆಸ್ಟ್‌ವುಡ್ ತರಬೇತಿಯ ತಂಡ ಆ ಮೊದಲ ಯತ್ನದಲ್ಲೇ, ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗ್ ಗೆದ್ದಿತು, 2015–16ರಲ್ಲಿ ಮತ್ತೆ ಗೆದ್ದಿತು. ಗೆಲುವು ಜನರನ್ನು ಎಳೆದು ತಂದಿತು ಎಂಬುದು ನಿಜ. ಆದರೆ ಅವರನ್ನು ಉಳಿಸಿಕೊಂಡದ್ದು ನಿಯಮಿತತೆ: ವರ್ಷದ ಬಹುಭಾಗ ಪಂದ್ಯ ಇರುತ್ತಿತ್ತು, ತಂಡದ ಮುಖ್ಯ ಆಟಗಾರರು ವರ್ಷದಿಂದ ವರ್ಷಕ್ಕೆ ಅವರೇ ಇರುತ್ತಿದ್ದರು.

ಈಗ ಸುಲಭವಾಗಿ ಕೊಡಲಾಗುವ ಕೆಲವು ಕಾರಣಗಳನ್ನು ಪಕ್ಕಕ್ಕಿಡೋಣ. ಕ್ರಿಕೆಟ್ ಎಲ್ಲವನ್ನೂ ನುಂಗಿತು ಎನ್ನುತ್ತಾರೆ. 2016ರಲ್ಲೂ ಕ್ರಿಕೆಟ್ ಇತ್ತು, ಚಿನ್ನಸ್ವಾಮಿ ಕ್ರೀಡಾಂಗಣ ಕಂಠೀರವದಿಂದ ನಡೆದು ಹೋಗುವಷ್ಟೇ ದೂರದಲ್ಲಿತ್ತು. ವಾರದ ದಿನ ರಾತ್ರಿ ಪಂದ್ಯ ಇಟ್ಟರೆ ಜನ ಬರುವುದಿಲ್ಲ ಎನ್ನುತ್ತಾರೆ. ಮೇಲೆ ಹೇಳಿದ ಪಂದ್ಯ ನಡೆದದ್ದು ಬುಧವಾರ. 2023ರ ಜೂನ್ 21ರಂದು ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಭಾರತವು ಪಾಕಿಸ್ತಾನವನ್ನು 4–0ಯಿಂದ ಸೋಲಿಸಿದಾಗಲೂ ಬುಧವಾರ, ಸುರಿಯುವ ಮಳೆ ಬೇರೆ. ಜುಲೈ 4ರಂದು ಇದೇ ಕಂಠೀರವದಲ್ಲಿ ಕುವೈತ್ ವಿರುದ್ಧದ ಫೈನಲ್ ಶೂಟೌಟ್‌ನಲ್ಲಿ ಮುಗಿದಾಗ ಮಂಗಳವಾರ. ಅಂದು ಕ್ರೀಡಾಂಗಣ ಕಿಕ್ಕಿರಿದಿತ್ತು, ಇಡೀ ಗ್ಯಾಲರಿ ಒಂದೇ ಕೊರಳಲ್ಲಿ ಹಾಡಿತ್ತು. ಪಂದ್ಯಕ್ಕೆ ಅರ್ಥವಿದ್ದರೆ ಬೆಂಗಳೂರಿನ ಜನ ಸಂಚಾರ ದಟ್ಟಣೆಯನ್ನೂ ಮಳೆಯನ್ನೂ ದಾಟಿ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ಅರ್ಥ ಸೋರಿಹೋದದ್ದು ಎಲ್ಲಿ? ಇದಕ್ಕೆ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಕಥೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳ ಅವಧಿಗೆ ಖಾಸಗಿ ಸಂಸ್ಥೆಯೊಂದಕ್ಕೆ ಒಪ್ಪಿಸಿತು. ಆ ಒಪ್ಪಂದದ ಫಲವಾಗಿ 2014ರ ಅಕ್ಟೋಬರ್ 12ರಂದು ಕೋಲ್ಕತ್ತದ ಸಾಲ್ಟ್‌ಲೇಕ್ ಕ್ರೀಡಾಂಗಣದಲ್ಲಿ ಹೊಸ ಲೀಗ್ ಶುರುವಾಯಿತು. ಡೆಲ್ ಪಿಯೆರೊ, ಪಿರೆಸ್, ಟ್ರೆಜೆಗೆ, ಲ್ಯುಂಗ್‌ಬರ್ಗ್ ಅವರಂಥ, ವೃತ್ತಿಜೀವನದ ಸಂಜೆಯಲ್ಲಿದ್ದ ದೊಡ್ಡ ಹೆಸರುಗಳು ಬಂದವು. ಎಂಟು ತಂಡಗಳು, ಎರಡೂವರೆ ತಿಂಗಳು, ಹೆಚ್ಚುಕಡಿಮೆ ದಿನಕ್ಕೊಂದು ಪಂದ್ಯ. ಮೊದಲ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 25 ಸಾವಿರದ ಆಸುಪಾಸಿನಲ್ಲಿ ಜನ ಬಂದರು. ಭಾರತದ ಯಾವ ಲೀಗೂ ಅದಕ್ಕೆ ಮೊದಲು ಅಂಥ ಸಂಖ್ಯೆ ಕಂಡಿರಲಿಲ್ಲ. ಅದು ಜಾತ್ರೆಯ ಉತ್ಸಾಹವಾಗಿತ್ತು. ಜಾತ್ರೆಗೆ ಸೇರಿದ ಜನ ಮರುದಿನದ ಪೂಜೆಗೂ ಅಷ್ಟೇ ಸಂಖ್ಯೆಯಲ್ಲಿ ಬರುತ್ತಾರೆಂದು ನಂಬಿದ್ದು ಸಂಘಟಕರ ಮೊದಲ ತಪ್ಪು ಎಣಿಕೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಹೊಸ ಲೀಗ್ ಕಟ್ಟುವಾಗ ಹಳೆಯ ಕ್ಲಬ್‌ಗಳಿಗೆ, ಅವುಗಳ ಹಿಂದಿದ್ದ ಜನರಿಗೆ ಒಂದು ಜಾಗ ಮಾಡಿಕೊಡಲಿಲ್ಲ. ಮಹೀಂದ್ರಾ ಯುನೈಟೆಡ್ 2010ರಲ್ಲಿ, 1996–97ರ ಮೊದಲ ರಾಷ್ಟ್ರೀಯ ಲೀಗಿನ ಚಾಂಪಿಯನ್ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದ್ದವು. 2016ರಲ್ಲಿ ಗೋವಾದ ಡೆಂಪೊ, ಸಾಲಗಾಂವ್‌ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್‌ಗಳು ದೇಶದ ಫುಟ್‌ಬಾಲ್ ಸಾಗುತ್ತಿರುವ ದಾರಿಯನ್ನು ಪ್ರತಿಭಟಿಸಿ ಐ-ಲೀಗ್‌ನಿಂದ ಹಿಂದೆ ಸರಿದವು. ಹೊಸ ತಂಡಗಳಾದರೂ ಒಂದೇ ಕಡೆ ನಿಂತವೇ ಎಂದರೆ ಅದೂ ಇಲ್ಲ. 2019ರಲ್ಲಿ ಡೆಲ್ಲಿ ಡೈನಾಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆ ಸಿಟಿ ಮುಚ್ಚಿ ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಆ ಹೈದರಾಬಾದ್ ತಂಡ 2022ರ ಮಾರ್ಚ್‌ನಲ್ಲಿ ಲೀಗಿನ ಚಾಂಪಿಯನ್ ಆಗಿ, ಮೂರೇ ವರ್ಷದಲ್ಲಿ, 2025ರಲ್ಲಿ ಹೆಸರು ಬದಲಿಸಿಕೊಂಡು ದೆಹಲಿಗೆ ಹೊರಟುಹೋಯಿತು. ಹೈದರಾಬಾದಿನಲ್ಲಿ ಹಳದಿ ಜೆರ್ಸಿ ಕೊಂಡು, ಕಪ್ ಬಂದ ದಿನ ಕುಣಿದಾಡಿದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ತಂಡ ಸೋತು ಕೆಳಗಿಳಿಯಲಿಲ್ಲ. ಅದು ಊರನ್ನೇ ಬಿಟ್ಟಿತು. ಅವನಿಗೆ ಫುಟ್‌ಬಾಲ್ ಮೇಲಿನ ಆಸಕ್ತಿ ಕಡಿಮೆಯಾಯಿತು ಎಂದು ಸಮೀಕ್ಷೆಯಲ್ಲಿ ಬರೆದುಕೊಳ್ಳುವುದು ಎಷ್ಟು ನ್ಯಾಯ?

ಕೋಲ್ಕತ್ತದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆ ಇದೆ. 2020ರಲ್ಲಿ 1889ರ ಮೋಹನ್ ಬಾಗಾನ್ ಕ್ಲಬ್‌ನ ಫುಟ್‌ಬಾಲ್ ವಿಭಾಗವನ್ನು 2014ರ ಎಟಿಕೆ ತಂಡದೊಂದಿಗೆ ಸೇರಿಸಿ ಹೆಸರಿನ ಮುಂದೆ ಎಟಿಕೆ ಎಂದು ಅಂಟಿಸಿದಾಗ ಅಭಿಮಾನಿಗಳು ಒಪ್ಪಲಿಲ್ಲ. ಆ ಮೂರಕ್ಷರ ತೆಗೆಯಬೇಕೆಂದು ಗ್ಯಾಲರಿಯಲ್ಲಿ ಬ್ಯಾನರ್ ಹಿಡಿದರು, ಬೀದಿಗಿಳಿದರು, ಪಂದ್ಯಗಳಿಂದ ದೂರ ಉಳಿದರು. 2023ರ ಮಾರ್ಚ್‌ನಲ್ಲಿ ತಂಡ ಪ್ರಶಸ್ತಿ ಗೆದ್ದ ರಾತ್ರಿಯೇ ಮಾಲೀಕರು ಆ ಹೆಸರನ್ನು ಕೈಬಿಡುವುದಾಗಿ ಘೋಷಿಸಬೇಕಾಯಿತು. 2025ರ ಏಪ್ರಿಲ್ 12ರಂದು ಸಾಲ್ಟ್‌ಲೇಕ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ತಂಡವು ಮೋಹನ್ ಬಾಗಾನ್ ಎದುರು ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಸೋತ ಫೈನಲ್‌ಗೆ ಆ ಬೃಹತ್ ಕ್ರೀಡಾಂಗಣ ಹೆಚ್ಚುಕಡಿಮೆ ತುಂಬಿತ್ತು. ನೂರು ವರ್ಷಗಳ ರೂಢಿಗೆ ಅಷ್ಟು ಹಿಡಿತ ಇರುತ್ತದೆ. ಹತ್ತು ವರ್ಷದ ರೂಢಿಗೆ ಅದು ಇರುವುದಿಲ್ಲ, ಅದನ್ನು ನೀರೆರೆದು ಕಾಪಾಡಬೇಕು.

ಬೆಂಗಳೂರಿನಲ್ಲಿ ಆ ಎಳೆ ಕಡಿದದ್ದು ಮೊದಲು ಕೋವಿಡ್‌ನಿಂದ. 2020–21 ಮತ್ತು 2021–22ರ ಎರಡು ಇಡೀ ಋತುಗಳು ಗೋವಾದ ಮೂರು ಅಂಗಳಗಳಲ್ಲಿ, ಕೊನೆಯ ಫೈನಲ್ ಒಂದನ್ನು ಬಿಟ್ಟರೆ, ಪ್ರೇಕ್ಷಕರಿಲ್ಲದೆ ನಡೆದವು. ಅದು ಯಾರ ತಪ್ಪೂ ಅಲ್ಲ. ಆದರೆ ಎರಡು ವರ್ಷ ಶನಿವಾರದ ಸಂಜೆಗೆ ಬೇರೆ ಕೆಲಸ ಹುಡುಕಿಕೊಂಡವನು ತಾನಾಗಿಯೇ ಮರಳಿ ಬರುವುದಿಲ್ಲ, ಅವನನ್ನು ಕರೆದು ತರಬೇಕಾಗುತ್ತದೆ. ಕರೆಯುವ ಹೊತ್ತಿಗೆ ಆಡಳಿತದ ಮನೆಗೇ ಬೆಂಕಿ ಬಿದ್ದಿತ್ತು. 2022ರ ಆಗಸ್ಟ್‌ನಲ್ಲಿ ಮೂರನೆಯವರ ಹಸ್ತಕ್ಷೇಪದ ಕಾರಣಕ್ಕೆ ಫಿಫಾ ನಮ್ಮ ಫೆಡರೇಷನ್ ಅನ್ನು ಹತ್ತು-ಹನ್ನೊಂದು ದಿನ ಅಮಾನತಿನಲ್ಲಿಟ್ಟಿತು. ಮುಂದೆ 2025ರ ಡಿಸೆಂಬರ್ 8ಕ್ಕೆ ಆ 15 ವರ್ಷಗಳ ಒಪ್ಪಂದ ಮುಗಿಯಲಿದೆ ಎಂಬುದು ಮೊದಲ ದಿನದಿಂದಲೇ ಎಲ್ಲರಿಗೂ ತಿಳಿದಿದ್ದರೂ ನವೀಕರಣದ ಮಾತುಕತೆ ಕೊನೆಯ ಗಳಿಗೆಯವರೆಗೆ ಎಳೆಯಿತು. 2025ರ ಜುಲೈನಲ್ಲಿ ಮುಂದಿನ ಋತುವನ್ನೇ ತಡೆಹಿಡಿಯಲಾಯಿತು. ಕ್ಲಬ್‌ಗಳಲ್ಲಿ ಸಂಬಳ ನಿಂತಿತು. ಹೊಸ ವಾಣಿಜ್ಯ ಪಾಲುದಾರರಿಗಾಗಿ ಕರೆದ ಟೆಂಡರ್‌ಗೆ ಒಬ್ಬರೂ ಬಿಡ್ ಸಲ್ಲಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ಲೀಗ್ ಕೇಂದ್ರ ಕ್ರೀಡಾ ಸಚಿವಾಲಯ ಮಧ್ಯೆ ಬಂದ ಮೇಲೆ 2026ರ ಫೆಬ್ರವರಿಯಲ್ಲಿ, ಅದೂ ಮೊಟಕಾದ ರೂಪದಲ್ಲಿ, ಆರಂಭವಾಯಿತು.

ಆ ಡಿಸೆಂಬರ್ ತಿಂಗಳನ್ನು ನಾನು ಮರೆಯಲಾರೆ. 8ರಂದು ಒಪ್ಪಂದ ಮುಗಿಯಿತು. ದೇಶದ ಅತ್ಯುನ್ನತ ಲೀಗ್ ಯಾವಾಗ ನಡೆಯುತ್ತದೆಂದು ಹೇಳುವವರೇ ಇರಲಿಲ್ಲ. 13ರಂದು ಮೆಸ್ಸಿ ಕೋಲ್ಕತ್ತಕ್ಕೆ ಬಂದರು. ಲೀಗಿನ ಒಂದು ಋತುವಿನ ಟಿಕೆಟ್‌ಗಳಿಗಿಂತ ಹೆಚ್ಚು ದುಡ್ಡು ಕೊಟ್ಟು ಸಾವಿರಾರು ಜನ ಸಾಲ್ಟ್‌ಲೇಕ್‌ಗೆ ಹೋದರು. ಗಣ್ಯರು ಸುತ್ತುವರಿದದ್ದರಿಂದ ಅವರ ಮುಖವೂ ಕಾಣದೆ, ಸ್ವಲ್ಪ ಹೊತ್ತಿನಲ್ಲೇ ಅವರು ಹೊರಟುಹೋದಾಗ ಸಿಟ್ಟಿಗೆದ್ದ ಜನ ಬಾಟಲಿ, ಕುರ್ಚಿ ಎಸೆದರು. ಮರುದಿನ ಮುಂಬೈನಲ್ಲಿ ಮೆಸ್ಸಿ ನಮ್ಮ ಚೆಟ್ರಿಗೆ ಜೆರ್ಸಿಯೊಂದನ್ನು ಕೊಟ್ಟರು. ದೇಶಕ್ಕಾಗಿ ಅತಿ ಹೆಚ್ಚು ಗೋಲು ಹೊಡೆದ ಆಟಗಾರ ಆ ಹೊತ್ತಿನಲ್ಲಿ ಆಡಲು ಲೀಗ್ ಇಲ್ಲದೆ ನಿಂತಿದ್ದರು. ನಿಮ್ಮ ಮಗ ಮೆಸ್ಸಿಯ ಜೆರ್ಸಿ ತೊಡುವುದರಲ್ಲಿ ತಪ್ಪೇನೂ ಇಲ್ಲ. ಮೆಸ್ಸಿಯ ಪಂದ್ಯ ಯಾವ ದಿನ, ಎಷ್ಟು ಗಂಟೆಗೆ ಎಂದು ಅವನಿಗೆ ಗೊತ್ತಾಗುತ್ತದೆ. ಬೆಂಗಳೂರು ತಂಡದ ಪಂದ್ಯ ಯಾವಾಗ ಎಂದು ಆ ಏಳೆಂಟು ತಿಂಗಳು ತಂಡಕ್ಕೇ ಗೊತ್ತಿರಲಿಲ್ಲ.

ನೀವು ನೇರವಾಗಿ ಕೇಳಿದ ಗುಣಮಟ್ಟದ ಪ್ರಶ್ನೆಗೆ ಬರುತ್ತೇನೆ. ಯುರೋಪಿನ ಲೀಗ್‌ಗಳಿಗೂ ನಮ್ಮದಕ್ಕೂ ಇರುವ ಅಂತರ ದೊಡ್ಡದು, ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಚೆಂಡು ಒಬ್ಬನಿಂದ ಇನ್ನೊಬ್ಬನಿಗೆ ಹೋಗುವ ವೇಗ, ಚೆಂಡಿಲ್ಲದಾಗಿನ ಓಟ, ತೀರ್ಪಿನ ನಿಖರತೆ ಎಲ್ಲದರಲ್ಲೂ ಆ ಅಂತರ ಕಾಣುತ್ತದೆ. ವಿಡಿಯೊ ನೆರವಿನ ತೀರ್ಪು ನಮ್ಮಲ್ಲಿಲ್ಲದೆ ಎಷ್ಟೋ ಪಂದ್ಯಗಳು ಜಗಳದಲ್ಲಿ ಮುಗಿದಿವೆ. 2023ರ ಮಾರ್ಚ್ 3ರಂದು ಕಂಠೀರವದಲ್ಲೇ ಚೆಟ್ರಿ ತ್ವರಿತವಾಗಿ ಹೊಡೆದ ಫ್ರೀಕಿಕ್ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ತಂಡ ಅಂಗಳ ಬಿಟ್ಟು ಹೋದದ್ದನ್ನು ನೀವು ನೋಡಿರಬಹುದು. ಆದರೂ ಗುಣಮಟ್ಟವೇ ಕಾರಣ ಎಂಬ ವಾದವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ 2016ರಲ್ಲೂ ಈ ಅಂತರ ಇಷ್ಟೇ ಇತ್ತು ಮತ್ತು ಅಂದಿನ ಪ್ರೇಕ್ಷಕನ ಮನೆಯಲ್ಲೂ ಇಂಗ್ಲೆಂಡ್ ಲೀಗ್ ಬರುತ್ತಿತ್ತು. 2024ರಲ್ಲಿ ಕೇರಳದಲ್ಲಿ ಸೂಪರ್ ಲೀಗ್ ಕೇರಳ ಎಂಬ ರಾಜ್ಯಮಟ್ಟದ ಲೀಗ್ ಶುರುವಾಯಿತು. ಅದರ ಆಟದ ಮಟ್ಟ ಐಎಸ್‌ಎಲ್‌ಗಿಂತ ಕೆಳಗಿನದು. ಆದರೂ ಕೋಯಿಕ್ಕೋಡು, ಮಲಪ್ಪುರದಂಥ ಊರುಗಳಲ್ಲಿ ಗ್ಯಾಲರಿಗಳು ತುಂಬಿದವು, ಕೋಯಿಕ್ಕೋಡಿನಲ್ಲಿ ನಡೆದ ಮೊದಲ ಫೈನಲ್‌ನಲ್ಲಿ ಕ್ಯಾಲಿಕಟ್ ಎಫ್‌ಸಿ ತನ್ನ ಜನರೆದುರೇ ಕಪ್ ಎತ್ತಿತು. ಅದೇ ಋತುವಿನಲ್ಲಿ ಕೊಚ್ಚಿಯಲ್ಲಿ ದೇಶದ ಅತಿ ದೊಡ್ಡ ಅಭಿಮಾನಿ ಬಳಗಗಳಲ್ಲೊಂದಾದ ಮಂಜಪ್ಪಡ ತನ್ನದೇ ಕ್ಲಬ್ಬಾದ ಬ್ಲಾಸ್ಟರ್ಸ್‌ನ ಆಡಳಿತದ ವಿರುದ್ಧ ಪ್ರತಿಭಟಿಸುತ್ತಿತ್ತು. ಒಂದೇ ರಾಜ್ಯ, ಒಂದೇ ಜನ, ಒಂದೇ ವರ್ಷ. ಎಲ್ಲಿ ತಂಡ ತಮ್ಮದೆನ್ನಿಸಿತೋ ಅಲ್ಲಿ ಜನ ಬಂದರು.

ಗುಣಮಟ್ಟಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಪಣವಿಲ್ಲದ ಪಂದ್ಯ. ಜಗತ್ತಿನ ಬಹುತೇಕ ಲೀಗ್‌ಗಳಲ್ಲಿ ತಳದಲ್ಲಿರುವ ತಂಡ ಕೆಳಗಿನ ಶ್ರೇಣಿಗೆ ಇಳಿಯುತ್ತದೆ, ಹಾಗಾಗಿ ಋತುವಿನ ಕೊನೆಯಲ್ಲಿ ಹದಿಮೂರನೇ ಸ್ಥಾನದವನೂ ಹದಿನಾಲ್ಕನೇ ಸ್ಥಾನದವನೂ ಜೀವ ಪಣಕ್ಕಿಟ್ಟು ಆಡುತ್ತಾರೆ. ನಮ್ಮಲ್ಲಿ ಅಷ್ಟರಲ್ಲಿ ಎರಡನೇ ಶ್ರೇಣಿಯಾಗಿದ್ದ ಐ-ಲೀಗ್ ಗೆದ್ದವರು ಮೇಲೇರುವ ವ್ಯವಸ್ಥೆಯಿಂದ 2023ರಲ್ಲಿ ಪಂಜಾಬ್, 2024ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಐಎಸ್‌ಎಲ್‌ಗೆ ಬಂದವು; ಕೆಳಗಿಳಿಯುವ ನಿಯಮ ಮಾತ್ರ 2024–25ರಿಂದ ಜಾರಿಯಾಗಬೇಕೆಂಬ ಮಾರ್ಗಸೂಚಿ ಇದ್ದರೂ ಆ ಋತುವಿನಲ್ಲಿ ಯಾರೂ ಇಳಿಯಲಿಲ್ಲ. ಐ-ಲೀಗಿನಲ್ಲೇ 2024–25ರ ಪ್ರಶಸ್ತಿಯನ್ನು ಮೊದಲು ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಕೊಟ್ಟು, ತಿಂಗಳುಗಳ ನಂತರ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯ ತೀರ್ಪಿನಂತೆ ಇಂಟರ್ ಕಾಶಿಗೆ ವರ್ಗಾಯಿಸಲಾಯಿತು. ಗ್ಯಾಲರಿಯಲ್ಲಿ ಕೂತು ಕಪ್ ಎತ್ತಿದ್ದನ್ನು ನೋಡಿದವನಿಗೆ, ಆ ಕಪ್ ತನ್ನದಲ್ಲ ಎಂದು ಪತ್ರಿಕೆ ಓದಿ ತಿಳಿಯಬೇಕಾದ ಸ್ಥಿತಿ.

ರಾಷ್ಟ್ರೀಯ ತಂಡದ ಇಳಿಜಾರು ಇದರ ಜೊತೆಗೇ ಬಂತು. 2023ರ ಜುಲೈನಲ್ಲಿ ಫಿಫಾ ಕ್ರಮಾಂಕದಲ್ಲಿ 99ನೇ ಸ್ಥಾನದಲ್ಲಿದ್ದ ಭಾರತ 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಒಂದು ಗೋಲೂ ಹೊಡೆಯದೆ ಮೂರೂ ಪಂದ್ಯ ಸೋತಿತು, ಆ ವರ್ಷವಿಡೀ ಒಂದೂ ಪಂದ್ಯ ಗೆಲ್ಲಲಿಲ್ಲ. 2025ರಲ್ಲಿ ಹಾಂಗ್‌ಕಾಂಗ್, ಸಿಂಗಪುರ ತಂಡಗಳಿಗೆ ಸೋತು ಮುಂದಿನ ಏಷ್ಯನ್ ಕಪ್ ಅರ್ಹತೆ ಕಳೆದುಕೊಂಡಿತು, ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತು 142ನೇ ಸ್ಥಾನಕ್ಕೆ ಕುಸಿಯಿತು. 2024ರ ಜೂನ್‌ನಲ್ಲಿ ನಿವೃತ್ತರಾಗಿದ್ದ ಚೆಟ್ರಿಯನ್ನು ಒಂಬತ್ತು ತಿಂಗಳಲ್ಲಿ ಮತ್ತೆ ಕರೆಯಬೇಕಾದದ್ದು ಏಕೆಂದು ಲೀಗ್ ನೋಡಿದವರಿಗೆ ಗೊತ್ತು. ಆರಂಭದ ವರ್ಷಗಳಲ್ಲಿ ಐಎಸ್‌ಎಲ್‌ನಲ್ಲಿ ಏಕಕಾಲಕ್ಕೆ ಆರು ವಿದೇಶಿಯರು ಅಂಗಳದಲ್ಲಿರಬಹುದಿತ್ತು. ಅದು 2017ರಲ್ಲಿ ಐದಕ್ಕೆ, 2021ರಲ್ಲಿ ನಾಲ್ಕಕ್ಕೆ ಇಳಿಯಿತು. ಗೋಲು ಹೊಡೆಯುವ ಜಾಗವನ್ನು ಕ್ಲಬ್‌ಗಳು ವಿದೇಶಿಯರಿಗೇ ಮೀಸಲಿಟ್ಟದ್ದರಿಂದ ಭಾರತದ ಹುಡುಗರು ಬದಿಗಳಲ್ಲಿ, ಹಿಂಬದಿಯಲ್ಲಿ ಬೆಳೆದರು. 2024–25ರ ಋತುವಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು, 14 ಗೋಲು ಹೊಡೆದವರು ನಲವತ್ತು ವರ್ಷದ ಚೆಟ್ರಿಯೇ. ಅವರ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ, ಆದರೆ ಅವರ ನಂತರದ ಒಂದು ಹೆಸರು ನಿಮ್ಮ ಮಗನ ಬಾಯಲ್ಲಿ ಬರುತ್ತಿಲ್ಲ ಎಂಬುದಕ್ಕೆ ಕಾರಣವೂ ಇಲ್ಲೇ ಇದೆ.

ಬೆಂಗಳೂರಿಗೆ ಸಂಬಂಧಿಸಿದಂತೆ ಇನ್ನೊಂದು ಹಳೆಯ ನಷ್ಟವನ್ನು ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ. ನೀವು ಹಲಸೂರಿನವರು, ನಿಮ್ಮ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಆ ಬೀದಿಗಳೂ ಆಸ್ಟಿನ್ ಟೌನ್, ಮರ್ಫಿ ಟೌನ್ ಬೀದಿಗಳೂ ಒಂದು ಕಾಲದಲ್ಲಿ ದೇಶಕ್ಕೆ ಆಟಗಾರರನ್ನು ಕೊಟ್ಟವು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು, ಆ ತಂಡದಲ್ಲಿ ಬರಿಗಾಲಲ್ಲಿ ಚೆಂಡನ್ನು ಮಾತಾಡಿಸುತ್ತಿದ್ದ ಅಹ್ಮದ್ ಖಾನ್ ಬೆಂಗಳೂರಿನವರು, 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿ ಅರುಮೈನಾಯಗಂ ಇದ್ದರು. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ರಾಜ್ಯ ನಾಲ್ಕು ಸಲ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು.

ಈ ಆಟಗಾರರ ಬೆನ್ನಿಗೆ ನಿಂತದ್ದು ಕಾರ್ಖಾನೆಗಳು ಮತ್ತು ಸೇನೆ. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಎಂಇಜಿ, ಎಎಸ್‌ಸಿ ತಂಡಗಳು ಹುಡುಗರಿಗೆ ಕೆಲಸ ಕೊಟ್ಟವು, ಕೆಲಸ ಕೊಟ್ಟದ್ದರಿಂದ ನೋಡುಗರೂ ಹುಟ್ಟಿದರು. ಕೆಲವು ವರ್ಷಗಳ ಹಿಂದೆ ಅಶೋಕನಗರದ ಅಂಗಳದಲ್ಲಿ ಒಂದು ಮಧ್ಯಾಹ್ನದ ಲೀಗ್ ಪಂದ್ಯ ನೋಡುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕಡಲೆಕಾಯಿ ಪೊಟ್ಟಣವನ್ನು ನನ್ನ ಕಡೆ ಸರಿಸಿ ಮಾತಿಗೆ ಶುರುವಿಟ್ಟರು. ಐಟಿಐನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮೊದಲ ಪಾಳಿ ಮುಗಿಸಿ, ಟಿಫಿನ್ ಕ್ಯಾರಿಯರ್ ಕೈಯಲ್ಲೇ ಹಿಡಿದು, ಬಸ್ಸು ಹತ್ತಿ ನೇರವಾಗಿ ಮೈದಾನಕ್ಕೆ ಬರುತ್ತಿದ್ದುದನ್ನು ಹೇಳಿದರು. "ನಮ್ಮ ಸೆಕ್ಷನ್ನಿನ ಹುಡುಗ ಸೆಂಟರ್ ಫಾರ್ವರ್ಡ್ ಸಾರ್, ಅವನು ಗೋಲು ಮಿಸ್ ಮಾಡಿದರೆ ಮಾರನೇ ದಿನ ಮಷಿನ್ ಹತ್ತಿರ ಹೋಗಿ ಕೇಳ್ತಿದ್ವಿ," ಎಂದರು. ಆಟಗಾರ ಮತ್ತು ನೋಡುಗನ ನಡುವೆ ಅಷ್ಟೇ ದೂರವಿತ್ತು. ಸಾರ್ವಜನಿಕ ಉದ್ಯಮಗಳಲ್ಲಿ ಕ್ರೀಡಾ ನೇಮಕಾತಿ ಬತ್ತಿದಂತೆ ಆ ತಂಡಗಳು ಸೊರಗಿದವು. ಐ-ಲೀಗ್‌ವರೆಗೆ ಏರಿದ್ದ ಎಚ್‌ಎಎಲ್ 2011–12ರಲ್ಲಿ ತಳಕ್ಕೆ ಬಿದ್ದು ಹೊರಬಿತ್ತು. ಮರುವರ್ಷವೇ ಬೆಂಗಳೂರು ಎಫ್‌ಸಿ ಹುಟ್ಟಿ ಊರಿನ ಫುಟ್‌ಬಾಲ್‌ಗೆ ಹೊಸ ಜೀವ ಕೊಟ್ಟದ್ದು ದೊಡ್ಡ ಕೆಲಸ, ಅದರ ಶ್ರೇಯಸ್ಸು ಆ ಕ್ಲಬ್ಬಿಗೆ ಸಲ್ಲಬೇಕು. ಆದರೆ ಬೀದಿಯಿಂದ ಮೊದಲ ತಂಡದವರೆಗೆ ಹೋಗುವ ದಾರಿ ಮಾತ್ರ ಇಂದಿಗೂ ಕಿರಿದಾಗಿಯೇ ಇದೆ. ಗೌತಮಪುರದ ಹುಡುಗನೊಬ್ಬ ಕಂಠೀರವದಲ್ಲಿ ಆಡಿದರೆ ಗೌತಮಪುರ ಟಿಕೆಟ್ ಕೊಳ್ಳುತ್ತದೆ.

2023ರ ಮಾರ್ಚ್ 4ರಂದು ನಡೆದದ್ದು ಈ ಒಡಕಿನ ಅತ್ಯಂತ ನೋವಿನ ಚಿತ್ರ. ಕರ್ನಾಟಕ ತಂಡವು ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಗೆದ್ದದ್ದು ಎಲ್ಲಿ? ಸೌದಿ ಅರೇಬಿಯಾದ ರಿಯಾದ್‌ನ ಒಂದು ವಿಶಾಲ ಕ್ರೀಡಾಂಗಣದಲ್ಲಿ. ಟೂರ್ನಿಯ ಕೊನೆಯ ಹಂತವನ್ನು ಫೆಡರೇಷನ್ ಅಲ್ಲಿಗೆ ಒಯ್ದಿತ್ತು. 1969ರಲ್ಲಿ ಕಪ್ ನೋಡಿದ್ದ, ಇನ್ನೂ ಬದುಕಿದ್ದ ಹಿರಿಯರು ಮೊಬೈಲ್ ಪರದೆಯಲ್ಲಿ ಅದನ್ನು ನೋಡಬೇಕಾಯಿತು. ಆ ಫೈನಲ್ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬೆಳಗಾವಿಯಲ್ಲೋ ನಡೆದಿದ್ದರೆ ಒಂದು ಪೀಳಿಗೆಯ ಮಕ್ಕಳು ಆ ಹುಡುಗರ ಹೆಸರನ್ನು ಬಾಯಿಪಾಠ ಮಾಡುತ್ತಿದ್ದರು.

ಜನರನ್ನು ಮರಳಿ ಕರೆಯಬಹುದೇ ಎಂದು ನೀವು ಕೇಳಿಲ್ಲ, ಆದರೆ ಪತ್ರದ ಧಾಟಿಯಲ್ಲಿ ಆ ಪ್ರಶ್ನೆಯೂ ಇದೆ. 2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ಚೀನಾ ತೈಪೆಯನ್ನು 5–0ಯಿಂದ ಸೋಲಿಸಿದಾಗ ನೋಡಿದವರು 2,569 ಮಂದಿ. ಹ್ಯಾಟ್ರಿಕ್ ಹೊಡೆದಿದ್ದ ಚೆಟ್ರಿ ಮರುದಿನ ಒಂದು ಸಣ್ಣ ವಿಡಿಯೊ ಮಾಡಿ, ಬೈಯಿರಿ, ಟೀಕಿಸಿ, ಆದರೆ ಬಂದು ನೋಡಿ ಎಂದು ಕೈಮುಗಿದು ಕೇಳಿಕೊಂಡರು. ಎರಡು ದಿನ ಕಳೆದು ಕೆನ್ಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್‌ಗಳೆಲ್ಲ ಮಾರಾಟವಾಗಿ, ಮಳೆಯಲ್ಲೂ ಗ್ಯಾಲರಿ ತುಂಬಿತ್ತು. ಕರೆದರೆ ಜನ ಬರುತ್ತಾರೆ. ಬಂದವರನ್ನು ಉಳಿಸಿಕೊಳ್ಳಲು ಆಟಗಾರನ ವಿನಂತಿ ಸಾಲದು. ವರ್ಷಕ್ಕೆ ಮೊದಲೇ ಗೊತ್ತಾಗುವ ವೇಳಾಪಟ್ಟಿ, ಕೆಳಗಿಳಿಯುವ ಭಯವಿರುವ ಲೀಗ್, ಊರು ಬಿಡದ ತಂಡ ಬೇಕು. ಕಂಠೀರವದಲ್ಲಿ ಅಂಗಳಕ್ಕೂ ಗ್ಯಾಲರಿಗೂ ನಡುವೆ ಎಂಟು ಲೇನ್‌ಗಳ ಓಟದ ಟ್ರ್ಯಾಕ್ ಇದೆ, ಅದು ಅಥ್ಲೀಟ್‌ಗಳ ಹಕ್ಕಿನ ಜಾಗ, ಅವರಿಗೆ ಇರಲೇಬೇಕು. ಇಷ್ಟು ದೊಡ್ಡ ನಗರಕ್ಕೆ ಹದಿನೈದು-ಇಪ್ಪತ್ತು ಸಾವಿರ ಜನ ಹಿಡಿಸುವ, ಫುಟ್‌ಬಾಲ್‌ಗೆಂದೇ ಕಟ್ಟಿದ ಅಂಗಳವೊಂದು ಬೇಕೆಂಬ ಬೇಡಿಕೆಯನ್ನು ನಾವು ಬಿಡಬಾರದು.

ನಿಮ್ಮ ಮಗನ ವಿಷಯದಲ್ಲಿ ಒಂದು ಸಲಹೆ. ಅವನನ್ನು ಮೊದಲು ಕಂಠೀರವಕ್ಕೆ ಕರೆದೊಯ್ಯಬೇಡಿ. ಅಶೋಕನಗರದ ಅಂಗಳದಲ್ಲಿ ರಾಜ್ಯ ಸಂಸ್ಥೆಯ ಲೀಗ್ ಪಂದ್ಯಗಳು ನಡೆಯುವ ಒಂದು ಮಧ್ಯಾಹ್ನ ಅಲ್ಲಿಗೆ ಕರೆದುಕೊಂಡು ಹೋಗಿ, ಅಂಗಳಕ್ಕೆ ಹತ್ತಿರದ ಮೆಟ್ಟಿಲ ಮೇಲೆ ಕೂರಿಸಿ. ಅಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು ಕೇಳುತ್ತದೆ, ಆ ಕೂಗಿನಿಂದಲೇ ಅವನಿಗೆ ಹೆಸರುಗಳು ಗೊತ್ತಾಗುತ್ತವೆ. ಮೆಸ್ಸಿಯ ಜೆರ್ಸಿ ಹಾಕಿಕೊಂಡೇ ಬರಲಿ. ಪಂದ್ಯ ಮುಗಿದ ಮೇಲೆ ಅವರಲ್ಲಿ ಯಾರು ಹಲಸೂರಿನವರೆಂದು ಅವನೇ ಹೋಗಿ ಕೇಳಲಿ.